ನಿಲ್ಲಿಸಬಲ್ಲವನ ತಾಳ

ಬಂದರಿನ ಸಗಟು ಅಂಗಡಿಗಳಲ್ಲಿ ಕ್ಯಾಸಿಯೊ ಎಂದರೆ ಲೆಕ್ಕದ ಯಂತ್ರ. ಈರುಳ್ಳಿ, ಒಣಮೆಣಸು, ಕೊತ್ತಂಬರಿ, ಬೆಲ್ಲ, ಯಾವ ಅಂಗಡಿಗೆ ಹೋದರೂ ಗಲ್ಲಾಪೆಟ್ಟಿಗೆಯ ಮೇಲೆ ಅಂಕಿ ಸವೆದುಹೋದ ಒಂದು ಕ್ಯಾಸಿಯೊ ಕೂತಿರುತ್ತದೆ. ಅದೇ ದಣಿಯ ಮನೆಗೆ ಹೋದರೆ ಕ್ಯಾಸಿಯೊ ಎಂದರೆ ಮಕ್ಕಳು ನುಡಿಸುವ ಪೆಟ್ಟಿಗೆ. ಯಾವ ಕಂಪೆನಿಯದ್ದಾದರೂ ಸರಿ, ನಮ್ಮ ಊರಲ್ಲಿ ಕೀಬೋರ್ಡಿಗೆಲ್ಲ ಅದೇ ಹೆಸರು. ಎರಡೂ ಒಂದೇ ಮನೆಯಿಂದ ಬಂದವು ಎಂಬುದೂ ನಿಜ. ಟೋಕಿಯೊದ ಕಾಶಿಯೊ ಸಹೋದರರು 1957ರಲ್ಲಿ ಮಾರುಕಟ್ಟೆಗೆ ತಂದ ಮೊದಲ ಕ್ಯಾಲ್ಕುಲೇಟರ್ ಒಂದು ಮೇಜಿನಷ್ಟು ದೊಡ್ಡದಿತ್ತು. 1980ರಲ್ಲಿ ಅವರದೇ ಕಂಪೆನಿಯಿಂದ ಮೊದಲ ಕೀಬೋರ್ಡ್ ಬಂತು. ಅದರ ಹಿಂದೆ ಬಿದ್ದವನು ಸಹೋದರರಲ್ಲಿ ಒಬ್ಬನಾದ ತೊಶಿಯೊ. ಅವನಿಗೆ ಸಂಗೀತವೆಂದರೆ ಪ್ರಾಣ, ಆದರೆ ಯಾವ ವಾದ್ಯವನ್ನೂ ನುಡಿಸಲು ಬರುತ್ತಿರಲಿಲ್ಲವಂತೆ. ಸ್ವಲ್ಪವೇ ಸಮಯದಲ್ಲಿ ಒಂದೇ ಚಿಕ್ಕ ಪೆಟ್ಟಿಗೆಯಲ್ಲಿ ಕೂಡಿ ಕಳೆಯಲೂ ರಾಗ ನುಡಿಸಲೂ ಬರುವ ವಿಎಲ್-1 ಎಂಬ ವಿಚಿತ್ರವನ್ನೂ ಅವರು ಮಾಡಿದರು. ಹಗಲಿಡೀ ಇದೇ ಬಂದರಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆದು, ಸಂಜೆ ರಥಬೀದಿಯ ಕಡೆ ಭಜನೆಗೆ ಹಾರ್ಮೋನಿಯಂ ಹಿಡಿದು ಬದುಕು ಕಳೆದ ನನ್ನಂಥವನಿಗೆ ಅಂಥದೊಂದು ಆಗಲೇ ಸಿಗಬೇಕಿತ್ತು.

ಈಗ ಮೊಮ್ಮಗಳಿಗೆ ಕೀಬೋರ್ಡ್ ಬೇಕು. ಮನೆಯಲ್ಲೇ ಕಲಿಯಬೇಕು, ವಾರಕ್ಕೊಮ್ಮೆ ಒಬ್ಬ ಟೀಚರ್ ಬರುತ್ತಾರೆ, ಬೆಲೆ ಹೆಚ್ಚಾಗಬಾರದು. "ಅಜ್ಜಾ, ನಿಮಗೆ ಗೊತ್ತಲ್ಲ, ನೀವೇ ನೋಡಿ" ಎಂದು ಮಗ ನನ್ನ ಮೇಲೆ ಹಾಕಿದ. ಮಕ್ಕಳಾದ ಮೇಲೆ ಅವನೂ ನನ್ನನ್ನು ಅಜ್ಜ ಎಂದೇ ಕರೆಯುತ್ತಾನೆ. ನನಗೆ ಗೊತ್ತಿದ್ದದ್ದು ಹಾರ್ಮೋನಿಯಂ ಮಾತ್ರ. ಆದರೂ ಅಂಗಡಿಯಲ್ಲಿ ಸಾಮಾನು ಪರೀಕ್ಷಿಸಿ ಕೊಳ್ಳುವ ಅಭ್ಯಾಸ ಕೈಗೆ ಅಂಟಿದೆ, ಹಂಪನಕಟ್ಟೆಗೆ ಹೋಗಿ ನೋಡಿದೆ.

ನೋಡಿದ್ದನ್ನು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಕೀಲಿಗಳು 61 ಇರಬೇಕು, ಪೂರ್ಣ ಅಗಲದವು ಇರಬೇಕು. 32 ಅಥವಾ 44 ಕೀಲಿಗಳ ಸಪೂರ ಕೀಲಿಯ ಪೆಟ್ಟಿಗೆಗಳು ಅಗ್ಗ, ಚಂದ, ಆದರೆ ಅದರಲ್ಲಿ ಕಲಿತ ಬೆರಳು ಬೇರೆ ಯಾವುದರಲ್ಲೂ ಸರಿಯಾದ ಜಾಗಕ್ಕೆ ಬೀಳುವುದಿಲ್ಲ. ಎರಡನೆಯದು, ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುವ ಗುಣ. ಟಚ್ ಎನ್ನುತ್ತಾರೆ. ಯಮಹಾದ ಪಿಎಸ್‌ಆರ್-ಎಫ್52, ಇ273 ಮಾದರಿಗಳಲ್ಲಿ ಅದಿಲ್ಲ, ಇ373ರಲ್ಲಿ ಇದೆ. ಕ್ಯಾಸಿಯೊದಲ್ಲಿ ಸಿಟಿ-ಎಸ್200ಕ್ಕೆ ಇಲ್ಲ, ಎಸ್300ಕ್ಕೆ ಇದೆ, ಜೊತೆಗೆ ಸ್ವರವನ್ನು ಮೇಲೆ ಕೆಳಗೆ ಬಾಗಿಸುವ ಒಂದು ಚಕ್ರವೂ ಇದೆ. ಮಾದರಿಯ ಅಂಕಿಗಳು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತವೆ, ನಿಯಮ ಬದಲಾಗುವುದಿಲ್ಲ: 10,000 ರೂಪಾಯಿಯ ಆಸುಪಾಸಿನಲ್ಲಿ ಕೊಂಡರೆ ಸಾಮಾನ್ಯವಾಗಿ ಟಚ್ ಬಿಟ್ಟುಕೊಡಬೇಕಾಗುತ್ತದೆ, ಇನ್ನು ಕೆಲವು ಸಾವಿರ ಸೇರಿಸಿದರೆ ಸಿಗುತ್ತದೆ. ನೂರಾರು ದನಿಗಳು, ಹತ್ತಾರು ತಾಳಗಳು ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ, ಅದಕ್ಕೆ ಮರುಳಾಗಬೇಡಿ. ಮಗು ನುಡಿಸುವುದು ನಾಲ್ಕು ದನಿಗಳನ್ನು. ಹಣ ಹಾಕಬೇಕಾದದ್ದು ಬೆರಳಿನ ಮಾತು ಕೇಳುವ ಕೀಲಿಗೆ.

ಹಾಡುವವರ ಮನೆಯಾದರೆ ಶ್ರುತಿ ಏರಿಳಿಸುವ ಸೌಲಭ್ಯ ಹೇಗೂ ಎಲ್ಲದರಲ್ಲೂ ಇರುತ್ತದೆ. ಯಕ್ಷಗಾನದ ಭಾಗವತರು ಕಪ್ಪು ಎರಡು, ಬಿಳಿ ನಾಲ್ಕು ಎಂದು ಶ್ರುತಿ ಹೇಳುತ್ತಾರಲ್ಲ, ಕೀಬೋರ್ಡಿನಲ್ಲಿ ಆ ತಲೆಬಿಸಿಯೇ ಇಲ್ಲ. ಎಲ್ಲಿಂದ ಬೇಕಾದರೂ ಷಡ್ಜ. ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಒಂದು ಮಾತು. ನಮ್ಮ ಕರಾವಳಿಯಲ್ಲಿ ಎಂಬತ್ತು ತೊಂಬತ್ತರ ದಶಕದಲ್ಲಿ ಗಲ್ಫಿನಿಂದ ಬಂದ ಪೆಟ್ಟಿಗೆಗಳು ಇವತ್ತಿಗೂ ಅಟ್ಟದಲ್ಲಿವೆ. ಇಲ್ಲಿನ ಉಪ್ಪುಗಾಳಿ ಮೊದಲು ತಿನ್ನುವುದು ಬ್ಯಾಟರಿಯ ತಗಡನ್ನು, ಆಮೇಲೆ ಕೀಲಿಯ ಅಡಿಯ ಸಂಪರ್ಕವನ್ನು. ಒಂದೊಂದೇ ಕೀಲಿ ಒತ್ತಿ ನೋಡದೆ ದುಡ್ಡು ಕೊಡಬಾರದು. ಅಡಾಪ್ಟರಿನ ವೋಲ್ಟೇಜು ಕಂಪೆನಿಗೊಂದು, ಮಾದರಿಗೊಂದು. ತೂತಿಗೆ ಹೊಕ್ಕಿತೆಂದು ಸಿಕ್ಕಿದ್ದನ್ನು ಚುಚ್ಚಬಾರದು.

ಇಷ್ಟು ವ್ಯಾಪಾರದ ಮಾತು. ಆ ದಿನ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ. ಅಂಗಡಿಯ ಹುಡುಗ ನನ್ನ ಮೊಮ್ಮಗಳಿಗೆ ತೋರಿಸಲೆಂದು ಒಂದು ಗುಂಡಿ ಒತ್ತಿದ. ಪೆಟ್ಟಿಗೆ ತಾನೇ ನುಡಿಸತೊಡಗಿತು: ತಬಲಾ, ತಾನಪುರ, ಎಲ್ಲಿಂದಲೋ ಒಂದು ಕೊಳಲು. ಅವನು ಕೈಕಟ್ಟಿ ನಿಂತಿದ್ದ. ಸುತ್ತಲಿದ್ದ ನಾಲ್ಕು ಜನ ತಲೆದೂಗಿದರು. ಇನ್ನೊಂದು ಗುಂಡಿ ಒತ್ತಿದಾಗ ಬರೀ ಭಜನೆಯ ಠೇಕಾ ಬಂತು, ಎಂಟು ಮಾತ್ರೆಯ ಕೆಹರವಾ, ಒಂದಿಷ್ಟೂ ಹಿಂದುಮುಂದಾಗದೆ. "ಇದು ಭಜನೆಗೇ ಅಂತ ಮಾಡಿದ್ದು ಮಾಮ್, ಜನ ಇಲ್ಲದಿದ್ದರೂ ಭಜನೆ ನಡೀತದೆ" ಎಂದ.

ಜನ ಇಲ್ಲದಿದ್ದರೂ ಭಜನೆ ನಡೆಯುತ್ತದೆಯೇ? ಈ ಪ್ರಶ್ನೆ ನಮ್ಮಲ್ಲಿ ಅದಾಗಲೇ ಒಮ್ಮೆ ಎದ್ದು, ಜಗಳವಾಗಿ, ತೀರ್ಮಾನವಾಗದೆ ಉಳಿದಿತ್ತು.

ಕೊಂಕಣಿಗರ ದೇವಸ್ಥಾನಗಳಲ್ಲಿ ಭಜನಾ ಸಪ್ತಾಹ ಎಂಬುದೊಂದು ಇದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ದೀಪ ಹಚ್ಚಿಟ್ಟು ಏಳು ಹಗಲು ಏಳು ರಾತ್ರಿ ಎಡೆಬಿಡದೆ ಭಜನೆ. ಒಂದೇ ದಿನದ್ದಾದರೆ ಏಕಾಹ. ಮನೆತನಗಳು, ಮಂಡಳಿಗಳು, ಬೇರೆ ಊರಿನಿಂದ ಬಂದವರು ಸರದಿ ಹಂಚಿಕೊಳ್ಳುತ್ತಾರೆ. ಒಬ್ಬರ ಸರದಿ ಮುಗಿಯುವ ಮೊದಲೇ ಇನ್ನೊಬ್ಬರು ಬಂದು ತಾಳ ಎತ್ತಿಕೊಳ್ಳಬೇಕು, ನಡುವೆ ತೆರಪು ಬೀಳಕೂಡದು. ಸಂಜೆಯ ಸರದಿಗೆ ಜನ ಮುಗಿಬೀಳುತ್ತಾರೆ: ಜರಿಯಂಚಿನ ಪಂಚೆ, ಮಲ್ಲಿಗೆ, ದೀಪದ ಸುತ್ತ ಕುಣಿತ. ನಡುರಾತ್ರಿ ಕಳೆದ ಮೇಲಿನ ಸರದಿ ಬೇಡವಾದ ಕೂಸು. ಆ ಹೊತ್ತಿಗೆ ಅಲ್ಲಿರುವವರು ನಮ್ಮಂಥ ಮುದುಕರು ಮತ್ತು ಮದುವೆಯಾಗದ ಹುಡುಗರು. ಹೊರಗೆ ದಕ್ಕೆಗೆ ಹೋಗುವ ಮಂಜುಗಡ್ಡೆಯ ಲಾರಿಯ ಸದ್ದು ಬಿಟ್ಟರೆ ಬೇರೇನಿಲ್ಲ.

ಅಂಥ ಒಂದು ಸರದಿಯಲ್ಲಿ ಒಬ್ಬ ಹುಡುಗ ಕೀಬೋರ್ಡ್ ತಂದಿದ್ದ. ಚೆನ್ನಾಗಿಯೇ ನುಡಿಸುತ್ತಿದ್ದ. ತಬಲಾದವನು ಕೈನೋವೆಂದು ಎದ್ದು ಹೋದಾಗ ಇವನು ಠೇಕಾದ ಗುಂಡಿ ಒತ್ತಿದ. ಹಾಡುತ್ತಿದ್ದ ಹಿರಿಯರೊಬ್ಬರು ಒಂದು ಪದ ಮುಗಿಸಿ ಕಣ್ಣು ಮುಚ್ಚಿದರು. ಧ್ಯಾನವೋ ನಿದ್ರೆಯೋ ಹೇಳಲಾಗದು. ಹುಡುಗ ಚಹಾಕ್ಕೆ ಹೊರಗೆ ಹೋದ. ಠೇಕಾ ನಡೆಯುತ್ತಲೇ ಇತ್ತು. ದೀಪ ಉರಿಯುತ್ತಲೇ ಇತ್ತು. ಮುಂದಿನ ಸರದಿಯವರು ಬಂದು ನೋಡಿದಾಗ ಅಲ್ಲಿ ಎಚ್ಚರವಾಗಿದ್ದದ್ದು ಕೀಬೋರ್ಡ್ ಒಂದೇ.

ಭಜನೆ ಮುರಿಯಿತೆಂದು ಅವರಲ್ಲಿ ಹಿರಿಯರೊಬ್ಬರು ಕೂಗಾಡಿದರು. ಪ್ರಾಯಶ್ಚಿತ್ತ ಆಗಬೇಕೆಂದರು. ಹುಡುಗ ಸುಮ್ಮನಿರುವವನಲ್ಲ. "ಶಬ್ದ ನಿಂತಿದೆಯಾ? ತಾಳ ತಪ್ಪಿದೆಯಾ? ನೀವು ಬಾರಿಸಿದರೆ ತಪ್ಪುತ್ತಿತ್ತು" ಎಂದ. ಹಿರಿಯರು, "ಅದು ಯಂತ್ರ" ಎಂದರು. ಹುಡುಗ ಹಾರ್ಮೋನಿಯಂ ಕಡೆ ಬೆರಳು ಮಾಡಿ, "ಅದೇನು, ಮರದಲ್ಲಿ ಬೆಳೆದದ್ದಾ?" ಎಂದ.

ಹಾರ್ಮೋನಿಯಂ ನನ್ನದಾದ್ದರಿಂದ ಬಾಣ ನನಗೇ ನಾಟಿತು, ಮತ್ತು ಅವನು ಹೇಳಿದ್ದು ಸರಿಯೇ. ನಮ್ಮ ಹಾರ್ಮೋನಿಯಂ 1840ರ ದಶಕದ ಪ್ಯಾರಿಸ್ಸಿನದ್ದು, ಅಲೆಕ್ಸಾಂದ್ರ್ ದೆಬ್ಯಾಂ ಎಂಬವನು ಹಕ್ಕುಪತ್ರ ಪಡೆದ ಯಂತ್ರ. ಅದನ್ನು ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತುವಂತೆ ಬದಲಿಸಿದವರು ಕೋಲ್ಕತ್ತದ ದ್ವಾರಕಾನಾಥ ಘೋಷ್. ಇಗರ್ಜಿಯಿಂದಲೂ ನಾಟಕ ಕಂಪೆನಿಗಳಿಂದಲೂ ಇಳಿದು ಅದು ದೇವರ ಮುಂದೆ ಬಂದು ಕೂತಿತು. ಆಕಾಶವಾಣಿ 1940ರ ಮಾರ್ಚಿನಿಂದ ಅದನ್ನು ನಿಷೇಧಿಸಿತ್ತು, 1971ರವರೆಗೆ ಸಡಿಲಿಸಲಿಲ್ಲ. ಅದಕ್ಕೆ ಮೊದಲೇ ರವೀಂದ್ರನಾಥ ಠಾಕೂರರು ಅದನ್ನು ಸ್ಟುಡಿಯೊಗಳಿಂದ ತೆಗೆಯಬೇಕೆಂದು ಕೋಲ್ಕತ್ತದ ನಿಲಯಕ್ಕೆ ಬರೆದಿದ್ದರು. ಕಾರಣ ಶ್ರುತಿಯದ್ದು. ಒಂದು ಸಪ್ತಕವನ್ನು 1,200 ಸೆಂಟ್ ಎಂದು ಎಣಿಸಿದರೆ ಕೀಲಿಯ ವಾದ್ಯದಲ್ಲಿ ಪ್ರತಿ ಸ್ವರವೂ ಸರಿಯಾಗಿ ನೂರು ನೂರರ ದೂರದಲ್ಲಿ ಕೂರುತ್ತದೆ. ತಂಬೂರಿಯ ತಂತಿಯೊಳಗಿನಿಂದ ತಾನಾಗಿ ಕೇಳುವ ಅಂತರ ಗಾಂಧಾರ ಇರುವುದು 386ರಲ್ಲಿ, ಕೀಲಿಯದ್ದು 400ರಲ್ಲಿ. ಪಂಚಮದಲ್ಲಿ ವ್ಯತ್ಯಾಸ ಎರಡೇ ಸೆಂಟ್, ಕಿವಿಗೆ ಗೊತ್ತಾಗದು. ಗಾಂಧಾರದಲ್ಲಿ ಗೊತ್ತಾಗುತ್ತದೆ. ಅಂದರೆ ಮೂವತ್ತು ವರ್ಷ ದೇಶದ ರೇಡಿಯೊ ಸುಳ್ಳುಗಾರನೆಂದು ಹೊರಗಿಟ್ಟ ವಾದ್ಯವನ್ನೇ ನಾವು ಸಂಪ್ರದಾಯವೆಂದು ದೇವರ ಮುಂದೆ ಇಟ್ಟುಕೊಂಡಿದ್ದೇವೆ.

ಇಲ್ಲಿ ಒಂದು ಸ್ವಾರಸ್ಯ. ಜಪಾನಿನ ಹಮಮತ್ಸುವಿನ ಶಾಲೆಯಲ್ಲಿ ಕೆಟ್ಟುಹೋಗಿದ್ದ ಒಂದು ರೀಡ್ ಆರ್ಗನ್ ಅನ್ನು 1887ರಲ್ಲಿ ರಿಪೇರಿ ಮಾಡಿದವನು ತೊರಾಕುಸು ಯಮಹಾ. ರೀಡ್ ಆರ್ಗನ್ ಎಂದರೆ ಹಾರ್ಮೋನಿಯಂನ ದಾಯಾದಿ. ನೋಡಿ ಕಲಿತು ತಾನೇ ಒಂದನ್ನು ಮಾಡಿ, ಕಾವಡಿಯಲ್ಲಿ ಹೊತ್ತು ಹಕೋನೆಯ ಘಟ್ಟ ದಾಟಿ ಟೋಕಿಯೊದ ಸಂಗೀತ ಶಾಲೆಗೆ ಒಯ್ದ. ಮರಗೆಲಸ ಚೆನ್ನಾಗಿದೆ, ಶ್ರುತಿ ಸರಿಯಿಲ್ಲ ಎಂದರು. ಅಲ್ಲೇ ಉಳಿದು ಶ್ರುತಿ ಕಲಿತು ಹೋದ. ಹುಡುಗ ತಂದಿದ್ದ ಕೀಬೋರ್ಡಿನ ಮೇಲೆ ಇದ್ದದ್ದು ಅವನದೇ ಹೆಸರು. ದೀಪದ ಆ ಬದಿ ಈ ಬದಿ ಇದ್ದ ಎರಡೂ ಪೆಟ್ಟಿಗೆಗಳು ಹಾಗೆ ಒಂದೇ ಕುಲದವು. ಹಾಗಾಗಿ ಮರ ಒಳ್ಳೆಯದು ಪ್ಲಾಸ್ಟಿಕ್ ಕೆಟ್ಟದು, ಗಾಳಿ ಪವಿತ್ರ ಕರೆಂಟು ಮೈಲಿಗೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಮಂಗಳಾರತಿಗೆ ನಗಾರಿ, ಜಾಗಟೆ ಬಾರಿಸುವ ಮೋಟಾರು ಯಂತ್ರವನ್ನು ಎಷ್ಟೋ ದೇವಸ್ಥಾನಗಳಲ್ಲಿ ಇಟ್ಟುಕೊಂಡವರು ಆ ಮಾತು ಆಡಲೂ ಬಾರದು.

ಆದರೂ ಏನೋ ತಪ್ಪಿದೆ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಏನು?

ನಮ್ಮ ಅಂಗಡಿಯ ಎದುರು ಸಾಲಿನಲ್ಲಿ ಬ್ಯಾರಿ ಗೆಳೆಯರೊಬ್ಬರಿದ್ದಾರೆ. ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ ಸಾಮಾನು ಹಾಕುವವರು, ಹಜ್ ಮುಗಿಸಿ ಬಂದವರು. ನಮ್ಮ ಸ್ನೇಹ ಹಳೆಯದು, ಧರ್ಮದ ಮಾತು ಅಪರೂಪ. ಇದನ್ನು ಅವರಲ್ಲಿ ಹೇಳಿದೆ. ಬಂದರಿನಲ್ಲಿ ಬದುಕುವವರ ಹೊತ್ತು ಕಟ್ಟಿರುವುದೇ ಝೀನತ್ ಬಕ್ಷ್ ಮಸೀದಿಯ ಬಾಂಗಿಗೆ. ನಾನೂ ಮಧ್ಯಾಹ್ನದ ಊಟಕ್ಕೆ ಏಳುತ್ತಿದ್ದದ್ದು ಅದನ್ನು ಕೇಳಿಯೇ. ಹಾಜಿಯವರು ನಕ್ಕು, "ನಮ್ಮಲ್ಲಿ ಇದು ಯಾವಾಗಲೋ ಬಂದು ಹೋದ ಪ್ರಶ್ನೆ ಮಾಮ್" ಎಂದರು. ಬಾಂಗನ್ನು ರೆಕಾರ್ಡ್ ಮಾಡಿ ಹೊತ್ತಿಗೆ ಸರಿಯಾಗಿ ಹಾಕಿದರೆ ಸಾಲದೇ? ಕಂಠ ಒಳ್ಳೆಯದಿರುತ್ತದೆ, ತಪ್ಪು ಇರುವುದಿಲ್ಲ. ಸಾಲದು ಎಂಬುದು ಬಹುಪಾಲು ಉಲೇಮಾಗಳ ಮಾತು. ಮೈಕು ಅಡ್ಡಿಯಿಲ್ಲ, ಏಕೆಂದರೆ ಅದು ಕೂಗುವವನ ದನಿಯನ್ನು ದೂರ ಒಯ್ಯುತ್ತದೆ ಅಷ್ಟೆ. ಆದರೆ ಪ್ರತಿ ಹೊತ್ತಿಗೂ ಒಬ್ಬ ಮನುಷ್ಯ ಎದ್ದು, ನಿಂತು, ಕೂಗಲೇಬೇಕು. "ಯಂತ್ರಕ್ಕೆ ನಿಯ್ಯತ್ ಇಲ್ಲ. ಫಜರಿಗೆ ಹೊದಿಕೆ ಬಿಟ್ಟು ಏಳುವ ಕಷ್ಟವೂ ಇಲ್ಲ" ಎಂದರು.

ಎರಡನೇ ವಾಕ್ಯ ನನ್ನನ್ನು ಹಿಡಿಯಿತು. ಮೊದಲನೆಯದು, ಸಂಕಲ್ಪದ ಮಾತು, ನಮ್ಮಲ್ಲೂ ಇದೆ. ಆದರೆ ಸಂಕಲ್ಪವನ್ನು ಗುಂಡಿ ಒತ್ತುವಾಗಲೇ ಮಾಡಿಕೊಂಡೆ ಎಂದು ಹುಡುಗ ಹೇಳಬಹುದು, ಹೇಳಿಯೂ ಹೇಳಿದ: "ನಾನು ದೇವರನ್ನು ನೆನೆದೇ ಒತ್ತಿದ್ದು." ಅಷ್ಟೇ ಅಲ್ಲ, ಅವನು ಓದಿಕೊಂಡವನು. ನಮ್ಮದು ಮಾಧ್ವ ಸಂಪ್ರದಾಯದ ಮನೆ, ಅವನದ್ದೂ ಅದೇ. ಸ್ವತಂತ್ರನು ಹರಿಯೊಬ್ಬನೇ, ಉಳಿದದ್ದೆಲ್ಲ ಅವನ ಅಧೀನ ಎಂಬುದು ನಮಗೆ ಅನ್ನದ ಜೊತೆ ಉಣಿಸಿದ ಪಾಠ. ಅದನ್ನೇ ತಿರುಗಿಸಿ ನನಗೆ ಹಾಕಿದ. "ನೀವು ತಿದಿ ಒತ್ತುವುದೂ ಅವನು ಒತ್ತಿಸಿದ್ದಕ್ಕೇ ಅಲ್ಲವಾ? ನಿಮ್ಮ ಗುಂಡಿ ಅವನ ಕೈಯಲ್ಲಿ, ಇದರ ಗುಂಡಿ ನನ್ನ ಕೈಯಲ್ಲಿ. ಹೆಚ್ಚು ಕಡಿಮೆ ಎಂತದ್ದು?"

ಈ ಕಾಲದ ಹುಡುಗರಿಗೆ ಸಿದ್ಧಾಂತ ಗೊತ್ತಿಲ್ಲ ಎನ್ನುವವರು ಅವನ ಎದುರು ಕೂರಬೇಕು.

ನನಗೆ ಉತ್ತರ ಹೊಳೆಯಲು ಸಮಯ ಹಿಡಿಯಿತು. ಅದೂ ಸಂಪ್ರದಾಯದೊಳಗಿಂದಲೇ ಸಿಕ್ಕಿತು. ಉಡುಪಿಯ ಆಚಾರ್ಯರು ಹೇಳಿದ ಐದು ಭೇದಗಳಲ್ಲಿ ಜನ ಬಾಯಿಪಾಠ ಹೇಳಿ ಮುಂದೆ ಹೋಗುವ ಎರಡಿವೆ. ಈಶ್ವರನಿಗೂ ಜೀವನಿಗೂ ಭೇದ ಎಂಬುದನ್ನು ಎಲ್ಲರೂ ಹಿಡಿದುಕೊಳ್ಳುತ್ತಾರೆ, ವಾದವೆಲ್ಲ ಅಲ್ಲೇ. ಜೀವಕ್ಕೂ ಜಡಕ್ಕೂ ಭೇದ, ಜಡಕ್ಕೂ ಜಡಕ್ಕೂ ಭೇದ ಎಂಬಲ್ಲಿಗೆ ಬರುವಾಗ ಯಾರಿಗೂ ಉತ್ಸಾಹ ಇರುವುದಿಲ್ಲ. ಇಲ್ಲಿ ಬೇಕಾದದ್ದು ಜೀವಕ್ಕೂ ಜಡಕ್ಕೂ ಇರುವ ಭೇದ. ಜೀವವೂ ಪರಾಧೀನ, ಜಡವೂ ಪರಾಧೀನ, ಸರಿ. ಆದರೆ ಶಾಸ್ತ್ರ ಇದನ್ನು ಮಾಡು, ಅದನ್ನು ಬಿಡು ಎಂದು ಹೇಳುವುದು ಜೀವಕ್ಕೆ ಮಾತ್ರ. ಜೀವ ಕರ್ತೃವೇ ಅಲ್ಲವೆಂದಾದರೆ ಆ ವಿಧಿನಿಷೇಧಗಳೆಲ್ಲ ಯಾರಿಗೆ ಎಂಬ ಚರ್ಚೆ ಬ್ರಹ್ಮಸೂತ್ರದಲ್ಲೇ ಇದೆ. ಬೇಡವೆನ್ನಲು ಬರದವನಿಗೆ ಮಾಡು ಎಂದು ಯಾರೂ ಹೇಳುವುದಿಲ್ಲ. ಹಾರ್ಮೋನಿಯಂಗೆ ಮಡಿ ಉಟ್ಟುಕೋ ಎಂದವರಿಲ್ಲ.

ಹಾಗಾದರೆ ಸಪ್ತಾಹದ ರಾತ್ರಿ ದೇವರಿಗೆ ಸಲ್ಲುವುದು ಏನು? ಶಬ್ದವೆಂದು ನಾವೆಲ್ಲ ತಿಳಿದಿದ್ದೇವೆ, ಹುಡುಗನ ವಾದವೂ ಆ ಶಬ್ದದ ಮೇಲೆಯೇ ನಿಂತದ್ದು. ನನಗೆ ಹಾಗೆ ಕಾಣುವುದಿಲ್ಲ. ಆ ಹೊತ್ತಿಗೆ ತಬಲಾದವನ ಮಣಿಕಟ್ಟು ನೋಯುತ್ತದೆ, ನನ್ನ ತಿದಿ ಒತ್ತುವ ಎಡಗೈ ಮರಗಟ್ಟುತ್ತದೆ, ಹಾಡುವವನ ಗಂಟಲು ಕಟ್ಟುತ್ತದೆ. ಪ್ರತಿ ಆವರ್ತಕ್ಕೂ ನಿಲ್ಲಿಸಿಬಿಡಬಹುದು. ನಿಲ್ಲಿಸಲು ಕಾರಣವಿದೆ, ನಿಲ್ಲಿಸಿದರೆ ನೋಡುವವರೂ ಇಲ್ಲ. ನಿಲ್ಲಿಸಬಲ್ಲವನು ನಿಲ್ಲಿಸದೆ ಇನ್ನೊಂದು ಆವರ್ತ ಬಾರಿಸುವುದೇ ಸೇವೆ. ಶಬ್ದ ಅದರ ರಸೀದಿ. ಯಂತ್ರ ಎಷ್ಟು ಹೊತ್ತು ಬಾರಿಸಿದರೂ ಒಂದು ಆವರ್ತದಷ್ಟೂ ಸೇವೆಯಾಗುವುದಿಲ್ಲ, ಏಕೆಂದರೆ ನಿಲ್ಲಿಸುವುದು ಅದರ ಕೈಯಲ್ಲಿ ಒಮ್ಮೆಯೂ ಇರಲಿಲ್ಲ. ಹುಡುಗ ಒಮ್ಮೆ ಒತ್ತಿದ, ಒಂದು ಒತ್ತಿನಷ್ಟು ಸೇವೆ ಅವನ ಲೆಕ್ಕಕ್ಕೆ ಬಂತು. ಆಮೇಲಿನದ್ದು ಮೆಸ್ಕಾಂ ಲೆಕ್ಕಕ್ಕೆ.

ಹಾಗಂತ ಯಂತ್ರದ ಠೇಕಾದ ಹಿಂದೆ ಕರ್ತೃವೇ ಇಲ್ಲ ಎಂದೂ ಅಲ್ಲ. ಕ್ಯಾಸಿಯೊದ ಎಂಟಿ-40 ಎಂಬ ಪುಟ್ಟ ಕೀಬೋರ್ಡಿಗೆ ತಾಳಗಳನ್ನು ಕೂರಿಸಿದವರು ಹಿರೋಕೊ ಒಕುಡಾ ಎಂಬ ಹೆಣ್ಣುಮಗಳು, ಸಂಗೀತ ಕಾಲೇಜು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದವರು. ರಾಕ್ ಎಂದು ಹೆಸರಿಟ್ಟ ಅವರ ಒಂದು ತಾಳ ಅದರ ಪಾಡಿಗೆ ಪೆಟ್ಟಿಗೆಯಲ್ಲಿ ಕೂತಿತ್ತು. ಜಮೈಕಾದಲ್ಲಿ ಯಾರೋ ಆ ಗುಂಡಿ ಒತ್ತಿದರು. 1985ರಲ್ಲಿ ವೇಯ್ನ್ ಸ್ಮಿತ್ ಅದರ ಮೇಲೆ ಹಾಡಿದ ಹಾಡಿನಿಂದ ಆ ದ್ವೀಪದ ಸಂಗೀತದ ದಾರಿಯೇ ಬದಲಾಯಿತು. ನಮ್ಮ ಹುಡುಗನ ಪೆಟ್ಟಿಗೆಯ ಕೆಹರವಾಕ್ಕೂ ಅಂಥ ಒಬ್ಬರು ಇರಲೇಬೇಕು. ಯಾವುದೋ ಸ್ಟುಡಿಯೊದಲ್ಲಿ ಕೂತು, ತಬಲಾದ ಒಂದೊಂದು ಪೆಟ್ಟನ್ನೂ ಕೇಳಿ, ಸರಿಮಾಡಿ, ಮತ್ತೆ ಕೇಳಿ ಕೂರಿಸಿದವರು. ಅವರಿಗೂ ಬೆನ್ನು ನೊಂದಿರಬೇಕು. ಅವರ ದುಡಿಮೆ ಅವತ್ತಿನದ್ದು, ಅವರದ್ದು. ನಮ್ಮ ನಡುರಾತ್ರಿಯ ಸರದಿಯನ್ನು ಅವರು ವಹಿಸಿಕೊಂಡಿರಲಿಲ್ಲ.

ಹುಡುಗ ಇದನ್ನು ಕೇಳಿ ತಕ್ಷಣ ಹಿಡಿದದ್ದು ಶ್ರುತಿಯನ್ನು. "ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಆಗಬಹುದಾ ಹಾಗಾದರೆ?" ಎಂದ. ಎಪ್ಪತ್ತರ ದಶಕದ ಕೊನೆಗೆ ಬೆಂಗಳೂರಿನ ಜಿ. ರಾಜ್ ನಾರಾಯಣ್, ಕೊಳಲು ನುಡಿಸುವ ಒಬ್ಬ ಇಂಜಿನಿಯರು, ಮಾಡಿದ ಆ ಪೆಟ್ಟಿಗೆ ಎಷ್ಟೋ ಕಛೇರಿಗಳಲ್ಲಿ ಬಂದು ಕೂತಿತು. ಯಕ್ಷಗಾನದ ರಂಗಸ್ಥಳದಲ್ಲಿ ಮೊದಲು ಸೋರೆಬುರುಡೆಯ ಪುಂಗಿ, ಆಮೇಲೆ ಹಾರ್ಮೋನಿಯಂ, ಈಗ ಅದು. ನಾನು ಆಗಬಹುದು ಎಂದೆ, ಈಗಲೂ ಹಾಗೇ ಹೇಳುತ್ತೇನೆ. ಶ್ರುತಿ ಯಾರಿಗೂ ಕಾಯುವುದಿಲ್ಲ, ಕಾಯಬೇಕಾಗಿಯೂ ಇಲ್ಲ. ಭಜನೆಯ ತಾಳ ಕಾಯಬೇಕು. ಹಾಡುವ ಮುದುಕನಿಗೆ ಕೆಮ್ಮು ಬಂದರೆ ತಬಲಾದವನು ಒಂದು ಆವರ್ತ ಸುಮ್ಮನೆ ಉರುಳಿಸುತ್ತಾನೆ. ಚಿಕ್ಕ ಹುಡುಗಿ ಮೊದಲ ಸಲ ಪದ ಎತ್ತಿಕೊಂಡು ಸಾಲು ಮರೆತರೆ ಮೆಲ್ಲಗಾಗುತ್ತಾನೆ. ವಿಠಲ ವಿಠಲ ಎಂದು ಕಾವೇರಿದಾಗ ಯಾರೂ ಹೇಳದೆ ವೇಗ ಏರುತ್ತದೆ. ಯಂತ್ರದ ಕೆಹರವಾದ ಮುಂದೆ ಕೆಮ್ಮಿದವನು ಹಿಂದೆ ಬೀಳುತ್ತಾನೆ, ಅಷ್ಟೆ. ಅಲ್ಲಿ ಎಲ್ಲರೂ ಯಂತ್ರದ ಸರದಿಗೆ ಬಂದವರಾಗುತ್ತಾರೆ.

ಒಂದು ಕಡೆ ಮಾತ್ರ ನಾನು ಹುಡುಗನಿಗೆ ಬಿಟ್ಟುಕೊಟ್ಟೆ. ಕೈ ಸೋತ, ಒಂಟಿಯಾದ ಮುದುಕಿಯೊಬ್ಬಳು ಮನೆಯಲ್ಲಿ ಠೇಕಾ ಹಾಕಿಕೊಂಡು ಹಾಡಿದರೆ? ಅದು ಭಜನೆಯೇ. ಅಲ್ಲಿ ನಿಲ್ಲಿಸಬಲ್ಲವಳು ಅವಳು, ಹಾಡುತ್ತಿರುವವಳೂ ಅವಳೇ, ಯಂತ್ರ ಊರುಗೋಲು. ಹಾಡುವವನು ಎದ್ದು ಹೋದ ಮೇಲೂ ಊರುಗೋಲು ನಡೆಯುತ್ತಿದೆ ಎಂದು ಸಂಭ್ರಮಿಸುವುದಕ್ಕೆ ನನ್ನ ತಕರಾರು.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಕೊಂಡದ್ದು ಟಚ್ ಇರುವ, ಬಾಗಿಸುವ ಚಕ್ರ ಇರುವ, 61 ಕೀಲಿಯ ಪೆಟ್ಟಿಗೆ. ಭಾರತಕ್ಕೆಂದೇ ಮಾಡಿದ, ತಾನಪುರ ತಬಲಾ ತುಂಬಿದ ಯಮಹಾದ ಐ ಸಾಲಿನದ್ದನ್ನು ಅಂಗಡಿಯವನು ಬಹಳ ಹೊಗಳಿದ. ವಾದ್ಯ ಒಳ್ಳೆಯದೇ, ಬೆಲೆ ನಮಗೆ ಹೆಚ್ಚು. ಚಕ್ರದ ವಿಷಯದಲ್ಲಿ ನನಗೆ ಆಸೆ ಇತ್ತು. ಕೆ. ಸತ್ಯನಾರಾಯಣನ್ ಅವರು ಕೀಬೋರ್ಡಿನಲ್ಲಿ ಕರ್ನಾಟಕ ಸಂಗೀತ ನುಡಿಸುವಾಗ ಎಡಗೈ ಮಾಡುವ ಕೆಲಸ ನೋಡಿದ್ದೇನೆ. ಗಮಕ ಬರುವುದು ಅಲ್ಲಿಂದ. ಸ್ವರ ಕದಲದ ನನ್ನ ಹಾರ್ಮೋನಿಯಂನಲ್ಲಿ ಜೀವಮಾನವಿಡೀ ಮಾಡಲಾಗದ್ದು ಆರು ಪೆನ್ಸಿಲ್ ಬ್ಯಾಟರಿಯ ಪ್ಲಾಸ್ಟಿಕ್ಕಿನಲ್ಲಿ ಸಾಧ್ಯವೆಂದರೆ ಅದನ್ನು ಜಡ ಜಡ ಭೇದ ಎನ್ನದೆ ಏನೆನ್ನಲಿ.

ಇಯರ್‌ಫೋನ್ ಸಿಕ್ಕಿಸುವ ತೂತು ಇರಲೇಬೇಕೆಂದು ಸೊಸೆಯ ಷರತ್ತು. ಫ್ಲ್ಯಾಟಿನಲ್ಲಿ ಅದು ಧರ್ಮವೇ ಸರಿ. ಮೊಮ್ಮಗಳು ಅದನ್ನು ಹಾಕಿಕೊಂಡು ಕೂತರೆ ನಮಗೆ ಕೇಳುವುದು ಕೀಲಿಯ ಟಕಟಕ ಮಾತ್ರ. ದೇವರಿಗಾದರೂ ಕೇಳುತ್ತದೋ ಎಂದು ನನ್ನ ಹೆಂಡತಿ ಕೇಳಿದಳು. ಮಾನಸಪೂಜೆಯ ಗಂಟೆ ಅವನಿಗೆ ಕೇಳುವುದಾದರೆ ಇದು ಕೇಳದೆ ಇರುತ್ತದೆಯೇ?

ನನ್ನ ಒಂದೇ ಕರಾರು ಠೇಕಾದ ಗುಂಡಿ ಒತ್ತಬಾರದು ಎಂಬುದಾಗಿತ್ತು. ಹುಡುಗಿ ಒಪ್ಪಲಿಲ್ಲ. ಟೀಚರ್ ಒತ್ತಲು ಹೇಳಿದ್ದಾರಂತೆ. "ಅಜ್ಜಾ, ನೀವು ತಾಳ ಹಾಕಿದರೆ ನನಗೋಸ್ಕರ ನಿಲ್ಲುತ್ತೀರಿ. ನಾನು ಎಲ್ಲಿ ತಪ್ಪಿದೆ ಅಂತ ನನಗೆ ಗೊತ್ತೇ ಆಗುವುದಿಲ್ಲ. ಅದು ನಿಲ್ಲುವುದಿಲ್ಲ, ಅದಕ್ಕೇ ನನಗೆ ಗೊತ್ತಾಗುತ್ತದೆ" ಎಂದಳು.

ಸೇವೆಗೆ ಯಾವುದು ಕುಂದು ಎಂದು ನಾನು ಅಷ್ಟು ಕಷ್ಟಪಟ್ಟು ಹುಡುಕಿ ತೆಗೆದೆನೋ ಅದನ್ನೇ ಅವಳು ಕಲಿಕೆಗೆ ಗುಣ ಎಂದಳು. ಹಾಜಿಯವರಲ್ಲಿ ಹೇಳಿದರೆ, "ಮದ್ರಸದ ಉಸ್ತಾದರೂ ನಿಲ್ಲುತ್ತಿರಲಿಲ್ಲ, ಬೆತ್ತ ಇತ್ತು" ಎಂದರು. ಕಲಿಯುವಾಗ ಕಾಯದ ತಾಳ, ಅರ್ಪಿಸುವಾಗ ಕಾಯುವ ತಾಳ ಎಂದು ಎರಡು ಮಾಡಿ ನನ್ನ ಸಿದ್ಧಾಂತಕ್ಕೆ ತೇಪೆ ಹಾಕಬಹುದು. ಆದರೆ ಕಲಿಯುವುದೆಲ್ಲಿ ಮುಗಿದು ಅರ್ಪಿಸುವುದೆಲ್ಲಿ ಶುರುವಾಗುತ್ತದೆ ಎಂದು ಅವಳು ಕೇಳುತ್ತಾಳೆ, ನನಗೆ ಗೊತ್ತು. ಸದ್ಯ ಅವಳು ಗುಂಡಿ ಒತ್ತಿಕೊಂಡೇ ಕಲಿಯುತ್ತಿದ್ದಾಳೆ. ಬರುವ ಸಪ್ತಾಹದಲ್ಲಿ ನಡುರಾತ್ರಿ ಕಳೆದ ಸರದಿಗೆ ಅವಳ ಹೆಸರನ್ನೂ ಆ ಹುಡುಗನ ಹೆಸರನ್ನೂ ಒಟ್ಟಿಗೆ ಬರೆಸಿದ್ದೇನೆ, ತಬಲಾಕ್ಕೆ ಜನ ನೋಡಿ ಇಟ್ಟಿದ್ದೇನೆ. ಅಷ್ಟು ಹೊತ್ತಿಗೆ ಚಹಾ ಇರುತ್ತದೆಯಾ ಎಂದು ಅವಳ ಪ್ರಶ್ನೆ. ಇರುತ್ತದೆ, ಒಬ್ಬೊಬ್ಬರೇ ಹೋಗಿ ಕುಡಿದು ಬರಬೇಕು ಎಂದಿದ್ದೇನೆ.